ಕವಲಿನಲ್ಲಿ ದಾರಿ ಹುಡುಕುವ ನರತಂತು

ಭ್ರೂಣದ ಕೈಕಾಲುಗಳು ಇನ್ನೂ ಮೊಗ್ಗಿನಂತಿರುವಾಗಲೇ ಸ್ನಾಯುಗಳನ್ನು ಚಲಿಸುವಂತೆ ಮಾಡುವ ಬೆನ್ನುಹುರಿಯ ಚಾಲಕ ನರಕೋಶಗಳಿಂದ ಹೊರಟ ತಂತುಗಳು ಅವುಗಳತ್ತ ಬೆಳೆಯತೊಡಗುತ್ತವೆ. ಮೊಗ್ಗಿನ ಬುಡದಲ್ಲಿ ದಾರಿ ಕವಲೊಡೆಯುತ್ತದೆ. ಅಂಗವನ್ನು ಚಾಚುವ ಸ್ನಾಯುಗಳು ಮೂಡುವುದು ಬೆನ್ನಿನ ಕಡೆಯ ಅರ್ಧದಲ್ಲಿ, ಮಡಚುವವು ಹೊಟ್ಟೆಯ ಕಡೆಯ ಅರ್ಧದಲ್ಲಿ. ನರಗಳ ಬೆಳವಣಿಗೆಯ ಬಗ್ಗೆ ಓದುವಾಗಲೆಲ್ಲ ನಾನು ಮತ್ತೆ ಮತ್ತೆ ಮರಳುವುದು ಈ ಕವಲಿಗೇ.

ತಂತುವಿನ ತುದಿ ಬೆರಳು ಬಿಡಿಸಿದ ಅಂಗೈಯಂತೆ ಹರಡಿಕೊಂಡು, ಸುತ್ತಲಿನ ಕೋಶಗಳನ್ನು ತಡವುತ್ತ ಸಾಗುತ್ತದೆ. 1890ರಲ್ಲಿ ಸ್ಪೇನಿನ ನರವಿಜ್ಞಾನಿ ಕಹಾಲ್ ಕೋಳಿಮರಿಯ ಭ್ರೂಣದಲ್ಲಿ ಗುರುತಿಸಿದ್ದು ಇದನ್ನೇ. ಆ ಬೆರಳುಗಳ ಪೊರೆಯ ಮೇಲೆ ಹೊರಗಿನ ಸಂಕೇತಗಳನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳಿರುತ್ತವೆ. ಚಾಚುವ ಸ್ನಾಯುಗಳತ್ತ ಹೋಗಬೇಕಾದ ತಂತುಗಳಲ್ಲಿ ಎಫ್-ಎ4 ಎಂಬ ಗ್ರಾಹಕ ಹೇರಳವಾಗಿರುತ್ತದೆ. ಹೊಟ್ಟೆಯ ಕಡೆಯ ಅಂಗಾಂಶದ ಕೋಶಗಳು ಎಫ್ರಿನ್-ಎ ಪ್ರೋಟೀನುಗಳನ್ನು ಹೊತ್ತಿರುತ್ತವೆ. ಇವೆರಡೂ ತಾಗಿದೊಡನೆ ತಂತುವಿನೊಳಗೆ ಸಂಕೇತಗಳು ಹೊರಟು, ಬೆರಳುಗಳಿಗೆ ಆಧಾರವಾದ ಆ ಬದಿಯ ಆಕ್ಟಿನ್ ಪ್ರೋಟೀನಿನ ಎಳೆಗಳು ಕಳಚಿ, ಬೆರಳುಗಳು ಮಡಚಿಕೊಳ್ಳುತ್ತವೆ. ತುದಿ ಬೆನ್ನಿನ ಕಡೆಗೆ ಹೊರಳುತ್ತದೆ. ಮಡಚುವ ಸ್ನಾಯುಗಳಿಗೆ ಹೋಗುವ ತಂತುಗಳನ್ನು ಎಫ್-ಬಿ ಗ್ರಾಹಕಗಳು ಇದೇ ರೀತಿ ಬೆನ್ನಿನ ಕಡೆಯ ಎಫ್ರಿನ್-ಬಿಯಿಂದ ಹಿಮ್ಮೆಟ್ಟಿಸುತ್ತವೆ. ಇಷ್ಟು ನಿಖರವಾದ ಜೋಡಣೆಯ ಬಹುಪಾಲು ವಿಕರ್ಷಣೆಯಿಂದಲೇ ಸಾಧ್ಯವಾಗುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಆಕರ್ಷಣೆಯೂ ಇಲ್ಲದಿಲ್ಲ. ಕವಲಿನ ಬಳಿ ಸ್ರವಿಸುವ, ತಂತುಗಳನ್ನು ಸೆಳೆಯುವ ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು ತಂತುವಿನ ರೆಟ್ ಗ್ರಾಹಕ ಗ್ರಹಿಸುತ್ತದೆ. ಇಲಿಗಳಲ್ಲಿ ಎಫ್-ಎ4 ಇಲ್ಲವಾದಾಗ ಬೆನ್ನಿನ ಕಡೆಗೆ ಹೋಗಬೇಕಾದ ಹಲವು ತಂತುಗಳು ಹೊಟ್ಟೆಯ ಕಡೆಗೆ ತಿರುಗುತ್ತವೆ. ರೆಟ್ ಕೂಡ ಇಲ್ಲದಿದ್ದರೆ ತಪ್ಪು ಇನ್ನೂ ಹೆಚ್ಚು.

ಈ ಅಣುಗಳ ಪಾತ್ರ ತಿಳಿಯುವುದಕ್ಕೂ ಮುಂಚೆ, 1980ರ ಸುಮಾರಿಗೆ, ಲ್ಯಾನ್ಸ್-ಜೋನ್ಸ್ ಮತ್ತು ಲ್ಯಾಂಡ್‌ಮೆಸರ್ ಎಂಬ ವಿಜ್ಞಾನಿಗಳು ಕೋಳಿ ಭ್ರೂಣದ ಬೆನ್ನುಹುರಿಯ ಕೆಲವು ಖಂಡಗಳನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟಿದ್ದರು. ತಂತುಗಳು ಹೊಸ ಹಾದಿ ಹಿಡಿದು ತಮ್ಮ ಮೂಲ ಸ್ನಾಯುಗಳನ್ನೇ ತಲುಪಿದವು. ತಾನು ಯಾವ ಸ್ನಾಯುವಿಗೆ ಸೇರಿದವನೆಂಬ ಗುರುತನ್ನು ನರಕೋಶ ಹೊರಡುವ ಮೊದಲೇ ಹೊತ್ತಿರುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ಪೊರೆಯ ಮೇಲಿನ ಗ್ರಾಹಕಗಳು ಆ ಗುರುತಿನ ಒಂದು ಭಾಗವೆಂದು ತಿಳಿದದ್ದು ಆಮೇಲೆ.

ಸ್ನಾಯುವನ್ನು ಮುಟ್ಟಿದ ಮೇಲೂ ಗ್ರಾಹಕಗಳ ಕೆಲಸ ಮುಗಿಯುವುದಿಲ್ಲ. ನರದ ತುದಿ ಆಗ್ರಿನ್ ಎಂಬ ಪ್ರೋಟೀನನ್ನು ಬಿಡುತ್ತದೆ, ಸ್ನಾಯುವಿನ ಎಲ್‌ಆರ್‌ಪಿ4 ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ, ಮಸ್ಕ್ ಎಂಬ ಇನ್ನೊಂದು ಗ್ರಾಹಕ ಸಕ್ರಿಯವಾಗಿ, ನರದ ರಾಸಾಯನಿಕ ಸಂದೇಶವನ್ನು ಹಿಡಿಯುವ ಅಸಿಟೈಲ್‌ಕೋಲಿನ್ ಗ್ರಾಹಕಗಳು ಸಂಧಿಸ್ಥಳದಲ್ಲಿ ಒತ್ತಾಗಿ ಸೇರುತ್ತವೆ. ಮಸ್ಕ್ ಇಲ್ಲದ ಇಲಿಗಳಲ್ಲಿ ತಂತುಗಳು ಸ್ನಾಯುವನ್ನು ತಲುಪಿದರೂ ನಿಲ್ಲದೆ ಅದರ ಮೇಲೆಲ್ಲ ಹರಡುತ್ತ ಹೋಗುತ್ತವೆ. ಹುಟ್ಟಿದ ಮರಿಗಳು ಉಸಿರಾಡಲಾಗದೆ ಸಾಯುತ್ತವೆ.