ಮೊದಲ ಫೋಟೊ ಯಾವುದು? ಮೂರನೇ ವಾರದ ಟಿಪ್ಪಣಿ

ಡೇಟಿಂಗ್ ಆ್ಯಪ್ ಟಿಂಡರ್ 2016ರಲ್ಲಿ ‘ಸ್ಮಾರ್ಟ್ ಫೋಟೋಸ್’ ಎಂಬ ಸೌಲಭ್ಯ ತಂದಿತು. ಮೊದಲ ಸ್ಥಾನದ ಫೋಟೊವನ್ನು ಅದಲುಬದಲು ಮಾಡಿ ತೋರಿಸುವುದು, ಯಾವುದಕ್ಕೆ ಹೆಚ್ಚು ಜನ ಬಲಕ್ಕೆ ಸ್ವೈಪ್ ಮಾಡಿದರು, ಅಂದರೆ ಮೆಚ್ಚಿದರು ಎಂದು ಎಣಿಸುವುದು, ಗೆದ್ದದ್ದನ್ನು ಮುಂದಕ್ಕೆ ತರುವುದು. ಅಂಥದ್ದೊಂದು ಪುಟ್ಟ ಮಾದರಿಯನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ಒಳಗಿನ ವಿಧಾನ ನಾನೇ ಆರಿಸಿಕೊಂಡದ್ದು.

ಐದು ಫೋಟೊಗಳು: ಬೆಟ್ಟ, ಬೈಕ್, ಕಚೇರಿ, ನಾಯಿ, ಮದುವೆ. ನೂರು ಜನ ನೋಡಿದರೆ ಎಷ್ಟು ಮಂದಿ ಮೆಚ್ಚುತ್ತಾರೆ ಎಂಬುದನ್ನು ಪ್ರೋಗ್ರಾಮಿಗೆ ಕಾಣದಂತೆ ಬಚ್ಚಿಟ್ಟಿದ್ದೇನೆ. ಕ್ರಮವಾಗಿ 3, 4, 5, 6, 8. ಗೆಲ್ಲಬೇಕಾದದ್ದು ಮದುವೆಯ ಫೋಟೊ.

ಮೊದಲು ಸರಳ ನಿಯಮ ಹಾಕಿದೆ. ಪ್ರತಿ ಫೋಟೊಗೂ ಹತ್ತು ಅವಕಾಶ. ಆಮೇಲೆ ನೂರಕ್ಕೆ 90 ಬಾರಿ ಮುಂದಿರುವುದನ್ನೇ ತೋರಿಸು, ಉಳಿದ 10 ಬಾರಿ ಐದರಲ್ಲಿ ಯಾವುದಾದರೊಂದು. ಪರದೆಯ ಮೇಲೆ ಬಂದ ಸಾಲುಗಳು: ‘ಬೈಕ್, ತೋರಿಸಿದ್ದು 10, ಮೆಚ್ಚಿದ್ದು 2’. ‘ಮದುವೆ, ತೋರಿಸಿದ್ದು 10, ಮೆಚ್ಚಿದ್ದು 0’. ಕೋಡ್ ತಪ್ಪಿದೆ ಎಂದುಕೊಂಡು ಎರಡು ಸಂಜೆ ಹುಡುಕಿದೆ. ತಪ್ಪೇನೂ ಇರಲಿಲ್ಲ. ನೂರಕ್ಕೆ ಎಂಟು ಮೆಚ್ಚುಗೆ ಗಳಿಸುವ ಫೋಟೊಗೂ ಮೊದಲ ಹತ್ತು ನೋಟದಲ್ಲಿ ಒಂದೂ ಸಿಗದಿರುವ ಸಾಧ್ಯತೆ ಶೇ 43! ಒಮ್ಮೆ ಹಿಂದೆ ಬಿದ್ದರೆ ಅದರ ಪಾಲಿಗೆ ಬರುವುದು ನೂರಕ್ಕೆ ಎರಡೇ ಅವಕಾಶ. ಆ ಲೆಕ್ಕದಲ್ಲಿ ಮೊದಲ ಮೆಚ್ಚುಗೆಗೆ ಸರಾಸರಿ 625 ನೋಟ ಕಾಯಬೇಕು.

ಇದು ನನ್ನನ್ನು ಕಾಡಿತು. ನನ್ನ ಗೆಳೆಯನೊಬ್ಬ ಎರಡೇ ದಿನದಲ್ಲಿ ತನ್ನ ಇಷ್ಟದ ಫೋಟೊವನ್ನು ಅಳಿಸಿಹಾಕಿದ್ದ. ಆ್ಯಪ್ ಅದನ್ನು ಕೊನೆಗೆ ತಳ್ಳಿದೆ ಎಂದರೆ ಯಾರಿಗೂ ಹಿಡಿಸಿಲ್ಲ ಎಂದೇ ಅವನು ತಿಳಿದಿದ್ದ. ಅವನಿಗೆ ಈ ಶೇ 43ರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ.

ಈ ವಾರ ನಿಯಮ ಬದಲಿಸಿದೆ. ವಿಲಿಯಂ ಥಾಂಪ್ಸನ್ 1933ರಲ್ಲಿ ಎರಡು ಚಿಕಿತ್ಸೆಗಳ ನಡುವೆ ಆಯ್ಕೆ ಮಾಡುವ ಸಮಸ್ಯೆಯನ್ನು ಮುಂದಿಟ್ಟುಕೊಂಡು ರೂಪಿಸಿದ ವಿಧಾನವಿದು. ಪ್ರತಿ ಫೋಟೊಗೆ ಒಂದೇ ಅಂಕ (ನೂರಕ್ಕೆ ಎಷ್ಟು ಮೆಚ್ಚುಗೆ ಎಂಬುದು) ಕೊಡದೆ, ಅದರ ನಿಜವಾದ ಅಂಕ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಹರವನ್ನು ಇಟ್ಟುಕೊಳ್ಳುತ್ತದೆ. ಪ್ರತಿ ಸಲವೂ ಒಂದೊಂದು ಹರವಿನಿಂದ ಒಂದೊಂದು ಅಂಕ ಎತ್ತಿ, ದೊಡ್ಡದು ಬಂದ ಫೋಟೊವನ್ನು ತೋರಿಸುತ್ತದೆ. ಕಡಿಮೆ ನೋಟ ಕಂಡ ಫೋಟೊದ ಹರವು ಅಗಲವಾಗಿರುವುದರಿಂದ ಅದಕ್ಕೆ ಮತ್ತೆ ಮತ್ತೆ ಸರದಿ ಬರುತ್ತದೆ. ಅದೇ ಕೆಟ್ಟ ಆರಂಭವನ್ನೇ ಕೊಟ್ಟು ಓಡಿಸಿದೆ. ಮದುವೆಯ ಫೋಟೊ ಮೆಲ್ಲಗೆ ಮೇಲೇರಿತು. ನಾಯಿ ಮಾತ್ರ ಬಹಳ ಹೊತ್ತು ಅದರ ಬೆನ್ನು ಬಿಡಲಿಲ್ಲ. 6 ಮತ್ತು 8ರ ಅಂತರ ಅಷ್ಟು ಸಣ್ಣದು.

ಮುಂದಿನ ವಾರ ನೋಡುವವರನ್ನು ಎರಡು ಗುಂಪು ಮಾಡುತ್ತೇನೆ: ನಾಯಿ ಇಷ್ಟಪಡುವವರು, ಪಡದವರು.