ಬ್ಯೂಮಾರಿಸ್ ಕೋಟೆಯ ಬಾಕಿ ಕೂಲಿ

ನಿನ್ನೆ ರಾತ್ರಿ ಓದಿದ ಒಂದು ಹಳೇ ಕಾಗದ ಮನಸ್ಸು ಬಿಟ್ಟು ಹೋಗುತ್ತಿಲ್ಲ.

ಇಂಗ್ಲೆಂಡಿನ ರಾಜ ಮೊದಲನೇ ಎಡ್ವರ್ಡ್ ವೇಲ್ಸ್ ಗೆದ್ದು ಅಲ್ಲಿ ಸಾಲು ಸಾಲು ಕೋಟೆ ಕಟ್ಟಿಸಿದ. ಅವುಗಳಲ್ಲೊಂದಾದ ಬ್ಯೂಮಾರಿಸ್ ಶುರುವಾಗಿದ್ದು 1295ರಲ್ಲಿ. ಮರುವರ್ಷವೇ ದುಡ್ಡಿಗೆ ತತ್ವಾರ. ಮೇಸ್ತ್ರಿ ಜೇಮ್ಸ್, ಲೆಕ್ಕ ನೋಡುವ ವಾಲ್ಟರ್ ಸೇರಿ ಖಜಾನೆಗೆ ಈ ಕಾಗದ ಬರೆದರು. 400 ಕಲ್ಲುಕುಟಿಗರು, 2,000 ಕೂಲಿಯಾಳುಗಳು, 30 ದೋಣಿ; ವಾರಕ್ಕೆ 250 ಪೌಂಡ್ ಬೇಕು. ಕೂಲಿ ತುಂಬಾ ಬಾಕಿ ಬಿದ್ದಿದೆ, ಇವರ ಹೊಟ್ಟೆಪಾಡಿಗೆ ಏನೂ ಇಲ್ಲ, ಹೇಗೆ ಉಳಿಸಿಕೊಳ್ಳೋದು? ದೇವರ ಮೇಲಾಣೆ, ಬೇಗ ದುಡ್ಡು ಕಳಿಸಿ ಅಂತ ಕೊನೆಯಲ್ಲಿ ಬೇಡಿಕೊಂಡಿದ್ದಾರೆ.

ಅಷ್ಟೊತ್ತಿಗೆ ರಾಜನ ದುಡ್ಡು ಸ್ಕಾಟ್ಲೆಂಡ್ ಯುದ್ಧದ ಕಡೆ ಹರಿಯತೊಡಗಿತ್ತು. ಕೋಟೆ ಪೂರ್ತಿಯಾಗಲೇ ಇಲ್ಲ.

ಫೋಟೋದಲ್ಲಿ ಗೋಡೆಗಳು ಬಹಳ ಚೆಂದ. ಆದರೆ ನನಗೆ ಆ ಎರಡು ಸಾವಿರ ಜನರದ್ದೇ ಚಿಂತೆ. ಅವರಿಗೆ ಕೂಲಿ ಸಿಕ್ಕಿತಾ?