ಡಾಕ್ಟರ್ ಓದೋ ಮಕ್ಕಳು ತಮ್ಮ ಆರೋಗ್ಯವನ್ನೇ ಯಾಕೆ ನೋಡಿಕೊಳ್ಳಲ್ಲ?

ನಾನು ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪಾಠ, ಮಾಡುತ್ತೇನೆ. ಮದುವೆ ಮನೆಯಲ್ಲಿ, ಪೇರೆಂಟ್ಸ್ ಮೀಟಿಂಗಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಎಲ್ಲಿ ಹೋದರೂ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಅಲ್ಲಾ ಮೇಡಂ, ಡಾಕ್ಟರ್ ಓದೋ ಮಕ್ಕಳಿಗೆ ಎಲ್ಲಾ ಗೊತ್ತಿರುತ್ತೆ ಅಲ್ವಾ? ಮತ್ತೆ ಅವರೇ ಯಾಕೆ ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ, ನಿದ್ದೆ ಮಾಡಲ್ಲ, ಆಸ್ಪತ್ರೆ ಗೇಟಿನ ಹೊರಗೆ ನಿಂತು ಸಿಗರೇಟು ಸೇದ್ತಾರೆ?" ಕೇಳುವವರಲ್ಲಿ ಹೆಚ್ಚಿನವರು ತಾಯಂದಿರು. ಮಾತಿನಲ್ಲಿ ಸ್ವಲ್ಪ ಕೋಪ ಇರುತ್ತದೆ, ಆತಂಕ ಅದಕ್ಕಿಂತ ಜಾಸ್ತಿ.

ಗೊತ್ತಿರುವುದು ನಿಜ. ಆದರೆ ಆ ಮಕ್ಕಳಿಗೆ ಗೊತ್ತಿರುವುದೆಲ್ಲ ಪೇಶೆಂಟ್ ಬಗ್ಗೆ. ತಾನೂ ಒಬ್ಬ ಪೇಶೆಂಟ್ ಆಗಬಹುದು ಅಂತ ನಾವು ಯಾರೂ ಅವರಿಗೆ ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೂ, ಹೋಗಿ ತೋರಿಸಿಕೊಳ್ಳೋಕೆ ಬೇಕಾದ ಸಮಯ, ಜಾಗ ಎರಡನ್ನೂ ಕೊಡುವುದಿಲ್ಲ.

ಇದು ಶುರುವಾಗುವುದು ಮೊದಲ ವರ್ಷದಲ್ಲೇ, ನನ್ನ ಲ್ಯಾಬಿನಲ್ಲೇ. ಹಿಮೋಗ್ಲೋಬಿನ್ ಅಳೆಯುವ ಸಾಹ್ಲಿ ವಿಧಾನ ಅಂತ ಒಂದು ಪ್ರಯೋಗ ಇದೆ. ಹುಡುಗಿ ತನ್ನ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಲ್ಯಾನ್ಸೆಟ್‌ನಿಂದ ಚುಚ್ಚಿಕೊಳ್ಳುತ್ತಾಳೆ. ಪಿಪೆಟ್ಟಿನಲ್ಲಿ 20 ಅಂತ ಗುರುತಿರುವ ಗೆರೆಯವರೆಗೆ ರಕ್ತ ತೆಗೆದುಕೊಂಡು ಆ್ಯಸಿಡ್ ಇರುವ ಟ್ಯೂಬಿಗೆ ಬಿಡುತ್ತಾಳೆ. ಸುಮಾರು 10 ನಿಮಿಷದಲ್ಲಿ ಕೆಂಪು ಹೋಗಿ ಕಂದು ಬಣ್ಣ ಬರುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರನ್ನು ಹನಿಹನಿಯಾಗಿ ಹಾಕುತ್ತಾ, ಗಾಜಿನ ಕಡ್ಡಿಯಲ್ಲಿ ಕಲಕುತ್ತಾ, ಎರಡೂ ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಬೆಳಕಿಗೆ ಹಿಡಿದು ನೋಡಬೇಕು. ಹೊಂದಿದಾಗ ಟ್ಯೂಬಿನ ಮೇಲೆ ಎಷ್ಟಿದೆಯೋ ಅದೇ ಅವಳ ಹಿಮೋಗ್ಲೋಬಿನ್.

ಬರುವುದು 9.8 ಅಂತಿಟ್ಟುಕೊಳ್ಳಿ. ಅವಳು ರೆಕಾರ್ಡ್ ಪುಸ್ತಕದಲ್ಲಿ ನೀಟಾಗಿ 9.8 ಗ್ರಾಂ ಅಂತ ಬರೆಯುತ್ತಾಳೆ. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದನ್ನೂ ಬರೆಯುತ್ತಾಳೆ. ಕಾರಣಗಳನ್ನು ಕೇಳಿದರೆ ಒಂದೇ ಉಸಿರಿಗೆ ಹೇಳುತ್ತಾಳೆ. ಸಹಿ ಹಾಕಿಸಿಕೊಂಡು ಬಯೋಕೆಮಿಸ್ಟ್ರಿ ಕ್ಲಾಸಿಗೆ ಓಡುತ್ತಾಳೆ. ಮೆಟ್ಟಿಲು ಹತ್ತುವಾಗ ತನಗೆ ಯಾಕೆ ಏದುಸಿರು ಬರುತ್ತದೆ, ಮಧ್ಯಾಹ್ನ ಯಾಕೆ ತಲೆ ಭಾರ ಅನ್ನುವುದಕ್ಕೂ ಆ ಸಂಖ್ಯೆಗೂ ಏನೋ ಸಂಬಂಧ ಇದೆ ಅಂತ ಅವಳಿಗೆ ಹೊಳೆಯುವುದೇ ಇಲ್ಲ, ಯಾಕಂದ್ರೆ ಅದು ರೆಕಾರ್ಡಿನ ಸಂಖ್ಯೆ, ಪರೀಕ್ಷೆಯ ಸಂಖ್ಯೆ.

ಬಿಪಿ ನೋಡುವ ದಿನವೂ ಹೀಗೇ. ಒಬ್ಬರ ಬಿಪಿ ಇನ್ನೊಬ್ಬರು ನೋಡಬೇಕು. ಒಬ್ಬ ಹುಡುಗನಿಗೆ 144/92 ಅಂತ ಜಾಸ್ತಿ ಬಂದರೆ ಸುತ್ತ ಇರುವವರೆಲ್ಲ ಕಫ್ ಸರಿ ಕಟ್ಟಿಲ್ಲ, ಮಿಷನ್ ಹಳೇದು ಅನ್ನುತ್ತಾರೆ. ಇರಬಹುದು. ಆದರೆ ಇನ್ನೊಂದು ದಿನ, ಇನ್ನೊಂದು ಮಿಷನ್‌ನಲ್ಲಿ ನೋಡಬೇಕಲ್ವಾ? ಯಾರೂ ನೋಡುವುದಿಲ್ಲ.

ಅದಕ್ಕೇ ಈಗ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಸಾಹ್ಲಿ ವಿಧಾನ ಕಣ್ಣಂದಾಜಿನದು, ಅದನ್ನೇ ನಂಬಿ ಔಷಧಿ ಕೊಡೋಕೆ ಆಗುವುದಿಲ್ಲ. ಹಾಗಾಗಿ ಕಡಿಮೆ ಬಂದವರು ಆಸ್ಪತ್ರೆಯ ಲ್ಯಾಬಿನಲ್ಲಿ ಸಿಬಿಸಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿಕೊಂಡು, ಮೆಡಿಸಿನ್ ಒಪಿಡಿಯಲ್ಲಿ ತೋರಿಸಿಕೊಂಡು ಬರಬೇಕು. ಆಮೇಲೇ ನನ್ನ ಸಹಿ. ರಿಪೋರ್ಟ್ ನಾನು ನೋಡುವುದಿಲ್ಲ, ಹೋಗಿ ಬಂದೆ ಅಂದರೆ ಸಾಕು. ಶುರುವಿನಲ್ಲಿ ಇದನ್ನು ಶಿಕ್ಷೆ ಅಂದುಕೊಳ್ಳುತ್ತಾರೆ, ಮೇಡಂ ಪ್ಲೀಸ್ ಅಂತ ಬೇಡಿಕೊಳ್ಳುತ್ತಾರೆ. ಬಿಡುವುದಿಲ್ಲ. ಐರನ್ ಮಾತ್ರೆ ಶುರು ಮಾಡಿದವರಿಗೆ, ಮಾತ್ರೆಯ ಜೊತೆಗೂ ಊಟದ ಜೊತೆಗೂ ಕಾಫಿ, ಟೀ ಬೇಡ, ಕಬ್ಬಿಣ ಹಿಡಿಯುವುದಿಲ್ಲ ಅಂತ ಮತ್ತೆ ಹೇಳಬೇಕಾಗುತ್ತದೆ. ಅದೂ ಅವರಿಗೆ ಗೊತ್ತಿರುವುದೇ!

ಇನ್ನು ಸಮಯದ ವಿಷಯ. ಥಿಯರಿಗೆ 75 ಪರ್ಸೆಂಟ್, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಅಟೆಂಡೆನ್ಸ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಜ್ವರ ಬಂದರೂ ಮಾಸ್ಕ್ ಹಾಕಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ತಲೆ ಇಟ್ಟು ಮಲಗುತ್ತಾರೆ. ಹಾಸ್ಟೆಲಿನ ಬೆಳಗಿನ ತಿಂಡಿ ಬಿಡುತ್ತಾರೆ, ಹನ್ನೊಂದಕ್ಕೆ ಕ್ಯಾಂಟೀನಿನ ಪಫ್ಸ್, ರಾತ್ರಿ ಹನ್ನೆರಡಕ್ಕೆ ಆ್ಯಪ್‌ನಲ್ಲಿ ಬಿರಿಯಾನಿ. ಓದೋಕೆ ಅಂತ ರಾತ್ರಿ ಹನ್ನೊಂದಕ್ಕೆ ಕಾಫಿ ಕುಡಿದರೆ ಬೆಳಗಿನ ಜಾವ ನಾಲ್ಕಕ್ಕೂ ಅದರಲ್ಲಿನ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಔಷಧಿಗಳ ಪಾಠವಾದ ಫಾರ್ಮಕಾಲಜಿಯಲ್ಲಿ ಹಾಫ್ ಲೈಫ್, ಅಂದರೆ ಔಷಧಿ ಮೈಯಲ್ಲಿ ಅರ್ಧಕ್ಕಿಳಿಯೋಕೆ ಬೇಕಾದ ಸಮಯ, ಲೆಕ್ಕ ಮಾಡುವ ಮಕ್ಕಳೇ ಇದನ್ನು ಮಾಡುವುದು. ಸಿಗರೇಟನ್ನು ನಾನು ಸಮರ್ಥಿಸುವುದಿಲ್ಲ, ಟೆನ್ಶನ್ನಿಗೆ ಅಂತ ಯಾರಾದರೂ ಹೇಳಿದರೂ ಒಪ್ಪುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ಸ್ವಂತ ವೈದ್ಯದ ಬಗ್ಗೆ. ನೆಗಡಿ ಆದರೆ ಸಾಕು, ಸೀನಿಯರ್‌ಗೆ ವಾಟ್ಸಾಪ್ ಮಾಡುತ್ತಾರೆ, ಅವನು ಅಜಿಥ್ರೊಮೈಸಿನ್ ಮೂರು ದಿನ ತಗೋ ಅನ್ನುತ್ತಾನೆ. ನೆಗಡಿ ವೈರಸ್‌ನಿಂದ ಬರುವುದು, ಆ್ಯಂಟಿಬಯೋಟಿಕ್‌ಗೆ ಅಲ್ಲಿ ಕೆಲಸವೇ ಇಲ್ಲ ಅಂತ ಇಬ್ಬರಿಗೂ ಗೊತ್ತು. ಎದೆ ಉರಿ ಅಂದರೆ ತಿಂಗಳುಗಟ್ಟಲೆ ಆ್ಯಸಿಡಿಟಿ ಮಾತ್ರೆ ಪ್ಯಾಂಟೊಪ್ರಜೋಲ್. ಯಾರೂ ಹೊಟ್ಟೆ ಮುಟ್ಟಿ ನೋಡಿರುವುದಿಲ್ಲ.

ಇಂಟರ್ನ್‌ಶಿಪ್‌ಗೆ ಬಂದ ಮೇಲೆ ಸೂಜಿಯದ್ದೇ ಒಂದು ಕಥೆ. ರಾತ್ರಿ ಡ್ಯೂಟಿಯಲ್ಲಿ ಕಣ್ಣು ಮುಚ್ಚಿಕೊಂಡು ಹೋಗುವಾಗ ರಕ್ತ ತೆಗೆದ ಸೂಜಿ ಬೆರಳಿಗೆ ಚುಚ್ಚುತ್ತದೆ. ಬೈಸಿಕೊಳ್ಳಬೇಕಾಗುತ್ತದೆ ಅಂತ ಹೇಳದೆ ಸುಮ್ನೆ ಇರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂಡಬೇಡಿ, ಬಾಯಿಗೆ ಇಡಬೇಡಿ, ಸೋಪು ನೀರಿನಲ್ಲಿ ತೊಳೆದು ತಕ್ಷಣ ಕ್ಯಾಶುವಾಲ್ಟಿಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ ಬೇಕು ಅಂತಾದರೆ ಮೊದಲ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. 28 ದಿನ ತಗೋಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆದ ಮೇಲೆ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ಲಸಿಕೆಯಿಂದ ರಕ್ತದಲ್ಲಿ ಎಷ್ಟು ಪ್ರತಿಕಾಯ ಬಂದಿದೆ ಅಂತ, ನೋಡಿಸಿಕೊಳ್ಳಿ, 10ಕ್ಕಿಂತ ಕಡಿಮೆ ಇದ್ದರೆ ರಕ್ಷಣೆ ಬಂದಿದೆ ಅನ್ನೋಕಾಗಲ್ಲ.

ಮನಸ್ಸಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಮೌನವೇ ಜಾಸ್ತಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯಲ್ಲಿ, ಆನ್‌ಲೈನ್ ಸರ್ವೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ 27.8 ಪರ್ಸೆಂಟ್ ಜನ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆ ಅಂದಿದ್ದರು. ನಿಮ್ಹಾನ್ಸ್ ಇರುವ ಊರಿದು, ಆದರೂ ಇಲ್ಲಿನ ಮೆಡಿಕಲ್ ವಿದ್ಯಾರ್ಥಿ ಸೈಕಿಯಾಟ್ರಿ ಒಪಿಡಿಗೆ ಹೋಗೋಕೆ ಹಿಂಜರಿಯುತ್ತಾನೆ. ಕಾರಣ ಕೇಳಿದರೆ ಒಬ್ಬ ಹುಡುಗ ನನಗೆ ನೇರವಾಗಿ ಹೇಳಿದ: "ಮೇಡಂ, ಅಲ್ಲಿ ಕೂತಿರೋರೇ ನಾಳೆ ನನ್ನ ಎಕ್ಸಾಮಿನರ್." ಅವನ ಮಾತಲ್ಲಿ ತಪ್ಪೇನಿದೆ? ಪಾಠ ಮಾಡುವವರು, ಮಾರ್ಕ್ಸ್ ಕೊಡುವವರು, ಚಿಕಿತ್ಸೆ ಕೊಡುವವರು ಒಬ್ಬರೇ ಆದರೆ ಯಾರು ತಾನೇ ಬಾಯಿ ಬಿಡುತ್ತಾರೆ? ಪ್ರತಿ ಕಾಲೇಜು ವಿದ್ಯಾರ್ಥಿಗಳಿಗೆ ಅಂತಲೇ ಹೊರಗಿನ ಒಬ್ಬ ಡಾಕ್ಟರನ್ನು ಗೊತ್ತು ಮಾಡಬೇಕು, ಮಾರ್ಕ್ಸಿಗೂ ಅವರಿಗೂ ಯಾವ ಸಂಬಂಧವೂ ಇರಬಾರದು. ನಾನು ಸಿಕ್ಕಸಿಕ್ಕ ಮೀಟಿಂಗಿನಲ್ಲೆಲ್ಲ ಇದನ್ನೇ ಕೇಳುತ್ತಿದ್ದೇನೆ, ಮುಂದೆಯೂ ಕೇಳುತ್ತೇನೆ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹಾಗಾದ್ರೆ ನಾವೇನು ಮಾಡೋದು ಅಂತ ತಾಯಂದಿರು ಕೇಳುತ್ತಾರೆ. ಬೈದರೆ ಅವರು ಫೋನ್ ಎತ್ತುವುದನ್ನೇ ಕಡಿಮೆ ಮಾಡುತ್ತಾರೆ, ಅಷ್ಟೇ. ಊಟ ಆಯ್ತಾ ಅಂದರೆ ಹ್ಞೂಂ ಅನ್ನುತ್ತಾರೆ. ಅದರ ಬದಲು ನಿನ್ನ ಹಿಮೋಗ್ಲೋಬಿನ್ ಎಷ್ಟು ಬಂತು, ಯಾರಿಗೆ ತೋರಿಸಿದೆ, ಹೆಪಟೈಟಿಸ್ ಮೂರನೇ ಡೋಸ್ ಯಾವಾಗ ಅಂತ ಕೇಳಿ. ಮಗ ನಾನೇ ಮಾತ್ರೆ ತಗೊಂಡೆ ಅಂದರೆ, ಬರೆದುಕೊಟ್ಟ ಡಾಕ್ಟರ ಹೆಸರು ಕೇಳಿ. ಹೆಸರು ಹೇಳದಿದ್ದರೆ ಮಾರನೇ ದಿನ ಮತ್ತೆ ಫೋನ್ ಮಾಡಿ ಕೇಳಿ.